ಪರ್ಲ್ಸ್ ತಂಡದ ಬೈರನ್ನರ್

ದುಬೈ
13 ನವೆಂಬರ್ 2024

ಅಕ್ಕನಿಗೆ ಸುಮಿತ್‌ನ ನಮಸ್ಕಾರಗಳು.

ನಿನ್ನ ಅಪ್ಪಣೆಯಂತೆ ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನಿನ್ನ ಕಿವಿಗೆ ಬೀಳುವುದಿಲ್ಲ, ವಾಟ್ಸಾಪಿನಲ್ಲಾದರೆ ನಾನೊಂದು ಹೆಬ್ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತೇನೆ ಎಂಬುದು ನಿನ್ನ ದೂರು. ಜುವಾಕಿಂ ಅಂಕಲ್ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ತಮ್ಮ ಅಂಗಡಿಗೆ ಸಾಮಾನು ತರಲು ಪ್ರತಿ ಗುರುವಾರ ವ್ಯಾನಿನಲ್ಲಿ ಇಲ್ಲಿ ದುಬೈಯ ನೈಫಿಗೆ ಬರುವುದರಿಂದ ನಮಗೆ ಅಂಚೆಯಣ್ಣನೂ ಸಿಕ್ಕಿದ ಹಾಗಾಯಿತು.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಿನ್ನೆಯೂ ಸೋತೆವು. ಸೀಸನ್ ಶುರುವಾದಂದಿನಿಂದ ಪರ್ಲ್ಸ್ ತಂಡ ಒಂದೇ ಒಂದು ಪಂದ್ಯ ಗೆದ್ದಿಲ್ಲ. ಬೇಸ್‌ಬಾಲ್ ಅಂದರೆ ಏನು ಅಂತ ಭಾವ ಕೇಳಿದ್ದರಂತೆ. ಅವರಿಗೆ ಹೀಗೆ ಹೇಳು: ನಾಲ್ಕು ಮೂಲೆ. ಒಂದು ಮೂಲೆಯಲ್ಲಿ ನಿಂತು ಚೆಂಡು ಹೊಡೆಯಬೇಕು, ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕು, ಉಳಿದ ಮೂರು ಮೂಲೆ ಮುಟ್ಟಿ ಹೊರಟಲ್ಲಿಗೇ ಬಂದರೆ ಒಂದು ರನ್. ಇದರಲ್ಲಿ ನನ್ನ ಪಾಲಿಗೆ ಬಂದಿರುವುದು ಓಟ ಮಾತ್ರ. ದಪ್ಪ ಶರೀರದ ಆಟಗಾರ ಹೊಡೆದು ಒಂದು ಮೂಲೆ ತಲುಪಿದರೆ ಅವನನ್ನು ಕೂರಿಸಿ ನನ್ನನ್ನು ಇಳಿಸುತ್ತಾರೆ. ಊರಿನ ಕ್ರಿಕೆಟ್ಟಿನ ಬೈರನ್ನರ್ ಇದ್ದ ಹಾಗೆ ಅಂದುಕೋ. ವ್ಯತ್ಯಾಸವೇನೆಂದರೆ ಇಲ್ಲಿ ಬೈರನ್ನರನಿಗೂ ಸಂಬಳ, ಸಮವಸ್ತ್ರ, ಬೆನ್ನ ಮೇಲೆ ಹೆಸರು.

ನಮ್ಮ ಕೋಚ್ ಡಿಕ್ಸನ್ ಅಮೆರಿಕದವರು. ನೈಫಿನ ಹಿಂದಿನ ಮರಳು ಮೈದಾನದಲ್ಲಿ ನಾವು ಟೆನ್ನಿಸ್ ಬಾಲ್ ಕ್ರಿಕೆಟ್ ಆಡುವಾಗ ನನ್ನ ಓಟ ನೋಡಿ ಕರೆದದ್ದು ಅವರೇ. ಅಬ್ದುಲ್ ರವೂಫ್ ಸಾಹೇಬರ ಬಟ್ಟೆ ಅಂಗಡಿ ಬಿಟ್ಟು ಹೊರಡುವಾಗ ಸಾಹೇಬರು ಏನು ಹೇಳಿದರು ಅಂತ ನಿನಗೆ ಹೇಳಿಲ್ಲ ಅಲ್ಲವೇ? “ಹೋಗು ಮಾರಾಯ, ಹೋಗಿ ಓಡು. ಆದ್ರೆ ಕ್ಲಬ್ಬಿನವರ ವೀಸಾ ಸೀಸನ್ ಇರುವಷ್ಟು ದಿನ ಮಾತ್ರ. ಅವರು ಖಲಾಸ್ ಅಂದ ದಿನ ನನ್ನ ಅಂಗಡಿಯಲ್ಲಿ ಜಾಗ ಉಂಟಾ ಇಲ್ವಾ ನಾನು ಈಗ ಹೇಳ್ಲಿಕ್ಕೆ ಆಗುದಿಲ್ಲ.”

ಆಗ ನಗು ಬಂದಿತ್ತು. ಈಗ ಪ್ರತಿ ಸೋಲಿನ ಮೇಲೂ ಆ ಮಾತು ನೆನಪಾಗುತ್ತದೆ. ಫೆಬ್ರವರಿಯಲ್ಲಿ ಸೀಸನ್ ಮುಗಿದಾಗ ಯಾರನ್ನು ಉಳಿಸಿಕೊಳ್ಳುತ್ತಾರೋ ಅವರಿಗೆ ವೀಸಾ ಮುಂದುವರಿಯುತ್ತದೆ, ಉಳಿದವರು ಮನೆಗೆ.

ಅಪ್ಪಿಗೆ ಮಾವನ ಮುದ್ದು.

ನಿನ್ನ
ಸುಮಿತ್

*

ಖಾಲಿದಿಯಾ, ಅಬುಧಾಬಿ
20 ನವೆಂಬರ್ 2024

ಸುಮಿತ್‌ಗೆ ಅಕ್ಕ ದೀಪ್ತಿಯ ಆಶೀರ್ವಾದಗಳು.

ನಿನ್ನ ಕಾಗದ ಓದಿ ಭಾವನಿಗೆ ಬೇಸ್‌ಬಾಲ್ ವಿವರಿಸಿದೆ. ಎಲ್ಲ ಕೇಳಿ ಅವರು, “ಹೊರಟಲ್ಲಿಗೇ ವಾಪಸ್ ಬರ್ಲಿಕ್ಕೆ ಅಷ್ಟೆಲ್ಲ ಓಡ್ಬೇಕಾ? ಅಲ್ಲೇ ನಿಂತ್ರಾಗುದಿಲ್ವಾ?” ಅಂದರು. ಪುಣ್ಯಾತ್ಮ ಆಫೀಸಿನಲ್ಲೂ ಹೀಗೆಯೇ ಇರಬೇಕು, ಹನ್ನೊಂದು ವರ್ಷದಿಂದ ಒಂದೇ ಕುರ್ಚಿ.

ತಮಾಷೆ ಸಾಕು. ಸೋತರೆ ಸೋಲಲಿ, ಆಟವೆಂದ ಮೇಲೆ ಯಾರಾದರೂ ಸೋಲಲೇಬೇಕು. ನನಗೆ ಹೆದರಿಕೆ ವೀಸಾದ್ದು. ಅಂಗಡಿ ಕೆಲಸ ಬಿಡುವಾಗ ನನ್ನನ್ನು ಕೇಳಿದ್ದೀಯಾ? ಇಲ್ಲ. ಈಗ ನಾನು ಕೇಳುತ್ತೇನೆ, ಉತ್ತರ ಕೊಡು. ಡಿಕ್ಸನ್ ನಿನ್ನನ್ನು ಉಳಿಸಿಕೊಳ್ಳುತ್ತಾರಾ? ಅವರ ಬಾಯಿಂದ ಏನಾದರೂ ಬಂದಿದೆಯಾ? ಓಡುವುದೊಂದೇ ಕೆಲಸವಾದರೆ ಹೊಡೆಯುವುದನ್ನೂ ಕಲಿಯಬಾರದೇ? ಊರಿನಲ್ಲಿ ಸಿಕ್ಸರ್ ಹೊಡೆದು ಶೆಟ್ಟರ ಮನೆ ಹೆಂಚು ಒಡೆದವನು ನೀನು.

ನಿನ್ನೆ ಭವ್ಯಶ್ರೀ ಮನೆಯಲ್ಲಿ ಊರಿನವರೆಲ್ಲ ಸೇರಿದ್ದೆವು. “ದೀಪ್ತಿ, ನಿನ್ನ ತಮ್ಮನ ಫೋಟೋ ನೈಫಿನಲ್ಲಿ ದೊಡ್ಡ ಬೋರ್ಡ್ ಮೇಲೆ ಉಂಟಂತೆ” ಅಂತ ನನ್ನ ಕಿವಿಯ ಬಳಿ ಕೂಗಿದಳು. ಹೌದಾ? ಬೋರ್ಡ್ ಮೇಲೆ ಹಾಕಿದವನನ್ನು ಯಾರೂ ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ ಅಂತ ನಾನು ಧೈರ್ಯ ತಂದುಕೊಂಡೆ.

ನನ್ನ ಕಿವಿ ಹಾಗೇ ಇದೆ. ಯಂತ್ರ ಹಾಕಿದರೆ ತಟ್ಟೆ ಲೋಟದ ಸದ್ದು ಸಿಡಿಲಿನ ಹಾಗೆ, ಮನುಷ್ಯರ ಮಾತು ಮಾತ್ರ ಗುಂಯ್ ಅನ್ನುತ್ತದೆ. ಅಪ್ಪಿ ನನ್ನ ಎದುರು ನಿಂತು ಇಂಗ್ಲಿಷಿನಲ್ಲಿ ತುಟಿ ಆಡಿಸುತ್ತಾಳೆ, ನಾನು ಕನ್ನಡದಲ್ಲಿ ಬೈಯುತ್ತೇನೆ, ಸಂಸಾರ ಸಾಗುತ್ತಿದೆ.

ಡಬ್ಬಿಯಲ್ಲಿ ಒಣ ಬಂಗುಡೆ ಚಟ್ನಿ ಇದೆ. ರೂಮಿನವನಿಗೂ ಕೊಡು.

ಅಕ್ಕ

*

ದುಬೈ
11 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರಗಳು.

ಬರೆಯುವುದು ತಡವಾಯಿತು. ಚಟ್ನಿಯನ್ನು ರೂಮಿನವನಿಗೂ ಕೊಡು ಅಂದಿದ್ದೆಯಲ್ಲ, ಅವನು ಬೆರಳು ನೆಕ್ಕಿ ನೆಕ್ಕಿ ತಿಂದ. ಪ್ರಿಯನ್ ಅವನ ಹೆಸರು, ಕೊಲಂಬೊದವನು, ನನ್ನ ಹಾಗೆಯೇ ಕ್ರಿಕೆಟ್ಟಿನಿಂದ ಬಂದವನು. ಅವನೀಗ ರೂಮಿನಲ್ಲಿಲ್ಲ.

ಕಳೆದ ಶುಕ್ರವಾರದ ಸೋಲಿನ ಮರುದಿನ ಅಭ್ಯಾಸಕ್ಕೆ ಹೊರಟಿದ್ದೆವು. ಬಸ್ಸಿನ ಬಾಗಿಲಲ್ಲಿ ಅವನನ್ನು ತಡೆದು ಆಫೀಸಿಗೆ ಕರೆದರು. ನಾವು ವಾಪಸಾಗುವಾಗ ಮಂಚದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತಿದ್ದ. ಕ್ಲಬ್ಬಿನವರು ಸೀಸನ್ ಮುಗಿಯುವ ತನಕವೂ ಕಾಯದೆ ಅವನ ವೀಸಾ ರದ್ದು ಮಾಡಿದ್ದರು. “ಕ್ಯಾನ್ಸಲ್ ಮಚಾನ್, ಖಲಾಸ್” ಅಂದ, ನಕ್ಕ. ಗೆಳೆಯನಿಗೆ ಅವರಲ್ಲಿ ಮಚಾನ್ ಅನ್ನುತ್ತಾರೆ. ಅವನ ಹೆಂಡತಿ ಬಸುರಿ. ಕ್ಲಬ್ಬಿನ ಜರ್ಸಿಯನ್ನು ಮಡಚಿ ಮಂಚದ ಮೇಲಿಟ್ಟು, ಮತ್ತೆ ಬಿಚ್ಚಿ, ಇನ್ನೂ ಚೆನ್ನಾಗಿ ಮಡಚಿ ಇಟ್ಟ.

ಆವತ್ತಿನಿಂದ ನಾನು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಯಾರಾದರೂ ‘ಸುಮಿತ್’ ಅಂತ ಕರೆದರೆ ಮೊದಲು ಆಫೀಸಿನ ಬಾಗಿಲ ಕಡೆ ನೋಡುತ್ತೇನೆ.

ನಡುವೆ ಎರಡು ಪಂದ್ಯ ಗೆದ್ದೆವು, ಮತ್ತೆ ಸೋಲುತ್ತಿದ್ದೇವೆ. ಸೋತ ತಂಡದ ಡ್ರೆಸ್ಸಿಂಗ್ ರೂಮ್ ಹೇಗಿರುತ್ತದೆ ಗೊತ್ತಾ? ಮೊದಮೊದಲು ಬೈದಾಟ, ಹೆಲ್ಮೆಟ್ ಎಸೆಯುವುದು. ಈಗ ಅದೂ ಇಲ್ಲ. ಎಲ್ಲರೂ ತಮ್ಮ ತಮ್ಮ ಮೊಬೈಲ್ ನೋಡುತ್ತಾರೆ. ಬೇರೆ ದೇಶದಲ್ಲಿ ಬೇರೆ ತಂಡ ಹುಡುಕುತ್ತಿದ್ದಾರೆ. ಅವರಿಗೆ ಹೋಗಲು ಜಾಗ ಇದೆ, ನಾಲ್ಕಾರು ದೇಶಗಳಲ್ಲಿ ಈ ಆಟವಿದೆ. ನಾನು ಬೇಸ್‌ಬಾಲ್ ಬೈರನ್ನರ್ ಅಂತ ಹೇಳಿಕೊಂಡು ಮೂಲ್ಕಿಯಲ್ಲೋ ಸುರತ್ಕಲ್‌ನಲ್ಲೋ ಯಾರ ಬಾಗಿಲು ತಟ್ಟಲಿ?

ಡಿಕ್ಸನ್ ಬಳಿ ಕೇಳಿದೆ. “ಒಂದು ಪಂದ್ಯ ಗೆಲ್ಲಿಸಿಕೊಡು, ಮಾಲೀಕರೆದುರು ನಿನ್ನ ಹೆಸರು ಹೇಳಲು ನನಗೊಂದು ಕಾರಣ ಬೇಕು” ಅಂದರು. ಅಷ್ಟೇ. ಒಂದೇ ಒಂದು.

ಭಾನುವಾರದ ಪಂದ್ಯ ನೆಟ್ಟಿನಲ್ಲಿ ತೋರಿಸುತ್ತಾರೆ. ನೋಡಬೇಡ. ನೀನು ನೋಡುತ್ತಿದ್ದೀಯ ಅಂತ ಗೊತ್ತಾದರೆ ನನಗೆ ಇನ್ನೂ ಕಷ್ಟ.

ಸುಮಿತ್

*

ಖಾಲಿದಿಯಾ
18 ಡಿಸೆಂಬರ್ 2024

ನನ್ನ ಬಂಗಾರದ ತಮ್ಮನಿಗೆ,

ನೋಡಬೇಡ ಅಂದರೆ ನೋಡದೆ ಇರುವ ಅಕ್ಕ ಯಾವ ಊರಲ್ಲಿದ್ದಾಳೆ ಹೇಳು! ಅಪ್ಪಿಯ ಟ್ಯಾಬ್ ಕಿತ್ತುಕೊಂಡು ಅಡುಗೆಮನೆಯಲ್ಲಿ ಒರಗಿಸಿಟ್ಟು ಇಡೀ ಪಂದ್ಯ ನೋಡಿದೆ. ಸದ್ದು ಇಲ್ಲದಿದ್ದರೇನು, ಕಣ್ಣು ನೆಟ್ಟಗಿದೆಯಲ್ಲ. ತೆಂಗಿನಕಾಯಿ ತುರಿಯುತ್ತಾ ಎರಡು ಸಲ ಬೆರಳು ತುರಿದುಕೊಂಡೆ.

ನಾಲ್ಕು ನಾಲ್ಕು ಸಮ. ಕೊನೆಯ ಸರದಿ ನಿಮ್ಮದು. ಆ ದಪ್ಪ ಮನುಷ್ಯ ಹೊಡೆದು ಏದುಸಿರು ಬಿಡುತ್ತಾ ನಿಂತ, ನೀನು ಇಳಿದೆ. ನಿನ್ನ ಹೆಸರು ತೆರೆಯ ಮೇಲೆ ಬಂತು. ನಾನು ತುರಿಮಣೆಯಿಂದ ಎದ್ದೇ ನಿಂತೆ. ಮುಂದಿನವನು ಹೊಡೆದ ಚೆಂಡು ಆ ತುದಿಗೆ ಹೋಯಿತು, ನೀನು ಓಡಿದೆ. ದೇವರೇ, ನೀನು ಓಡಿದ್ದು! ಮೂರನೆಯ ಮೂಲೆ ತಿರುಗುವಾಗ ಟೋಪಿ ಹಾರಿ ಬಿತ್ತು. ಆ ಕಡೆಯವನು ಚೆಂಡು ಹಿಡಿಯಲು ಅಡ್ಡ ನಿಂತಿದ್ದ. ನೀನು ಅವನನ್ನು ತಪ್ಪಿಸಿ ಜಾರಿ ಗೆರೆ ದಾಟಿದೆ. ನಿಮ್ಮವರೆಲ್ಲ ಓಡಿ ಬಂದು ನಿನ್ನ ಮೇಲೆ ಬಿದ್ದರು. ನಾನು ತುರಿದ ಕೈಯಲ್ಲೇ ಅಪ್ಪಿಯನ್ನು ಎತ್ತಿಕೊಂಡು ಕುಣಿದೆ. ಅವಳು ಹೋಮ್‌ವರ್ಕ್ ಇದೆ ಅಂತ ಟ್ಯಾಬ್ ಕಿತ್ತುಕೊಂಡು ಓಡಿದಳು. ಓಡಲಿ, ನನಗೆ ಬೇಕಾದ್ದು ಸಿಕ್ಕಿತ್ತು.

ಡಿಕ್ಸನ್‌ಗೆ ಈಗ ಕಾರಣ ಸಿಕ್ಕಿತಲ್ಲ? ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಆ ರಾತ್ರಿ ತಿಂಗಳ ಮೇಲೆ ಮೊದಲ ಸಲ ನಿದ್ದೆ ಬಂತು.

ಭವ್ಯಶ್ರೀಗೆ ಹೇಳಿದೆ, ಇಲ್ಲಿನ ನಮ್ಮೂರವರ ಸಂಘದ ಅಧ್ಯಕ್ಷರಿಗೆ ಹೇಳಿದೆ, ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಸೀರೆಗೆ ಫಾಲ್ಸ್ ಹಾಕುವವನಿಗೂ ಹೇಳಿದೆ. ಜುವಾಕಿಂ ಅಂಕಲ್‌ಗೂ ಹೇಳಿದೆ. ಅವರು ಪಂದ್ಯ ನೋಡಲು ದುಬೈಗೇ ಹೋಗಿದ್ದರಂತೆ! ಕೇಳಿದರೆ ಸುಮ್ಮನೆ ತಲೆಯಾಡಿಸಿದರು. ವಯಸ್ಸಾಯಿತು, ಬೆನ್ನು ನೋವಿರಬೇಕು.

ಕಾಯಿ ಹೋಳಿಗೆ ಕಳಿಸಿದ್ದೇನೆ. ಇಡೀ ತಂಡಕ್ಕೆ ಸಾಲುವಷ್ಟು ಇದೆ, ನೀನೊಬ್ಬನೇ ಮುಕ್ಕಬೇಡ.

ಅಕ್ಕ

*

ನೈಫ್, ದುಬೈ
19 ಡಿಸೆಂಬರ್ 2024

ಅಕ್ಕ,

ಜುವಾಕಿಂ ಅಂಕಲ್ ವ್ಯಾನ್ ಸ್ಟಾರ್ಟ್ ಮಾಡಿ ಕಾಯುತ್ತಿದ್ದಾರೆ, ಅದಕ್ಕೆ ಚುಟುಕಾಗಿ ಬರೆಯುತ್ತಿದ್ದೇನೆ. ಹೋಳಿಗೆ ಸಿಕ್ಕಿತು. ಎಲ್ಲರಿಗೂ ಕೊಡುತ್ತೇನೆ. ನಿನ್ನ ಬೆರಳಿಗೆ ಅರಿಶಿನ ಹಚ್ಚಿಕೋ.

ಇನ್ನೂ ಪಂದ್ಯಗಳಿವೆ. ವೀಸಾದ ಬಗ್ಗೆ ಯಾರೂ ಏನೂ ಹೇಳಿಲ್ಲ. ಊರಿನವರಿಗೆಲ್ಲ ಅಷ್ಟು ಹೇಳಬೇಡ.

ಸುಮಿತ್

*

ಖಾಲಿದಿಯಾ
8 ಜನವರಿ 2025

ಸುಮಿತ್‌ಗೆ,

ಗೆದ್ದ ಮೇಲೆ ಕೈ ಭಾರವಾಯಿತೋ? ಮೂರು ವಾರದಿಂದ ನಿನ್ನದು ನಾಲ್ಕು ಸಾಲಿನ ಕಾಗದ. ಮೊನ್ನೆಯದರಲ್ಲಂತೂ ‘ಚೆನ್ನಾಗಿದ್ದೇನೆ’ ಅಂತ ಮೂರು ಸಲ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ಭಾವ ಹೇಳುವುದು, ಹುಡುಗನಿಗೆ ಯಾರೋ ಹುಡುಗಿ ಸಿಕ್ಕಿರಬೇಕು. ಭವ್ಯಶ್ರೀ ಹೇಳುವುದು, ಹೆಸರು ಬಂದ ಮೇಲೆ ಗಂಡುಮಕ್ಕಳು ಹೀಗೆಯೇ. ನನಗೆ ಮಾತ್ರ ಜ್ವರವೋ ಏನೋ ಅಂತ ಹೆದರಿಕೆ. ಹುಡುಗಿಯಾದರೆ ಹೇಳು, ನಾನು ಅಮ್ಮನ ಹತ್ತಿರ ಮಾತಾಡುತ್ತೇನೆ. ಜ್ವರವಾದರೆ ಡಾಕ್ಟರ್ ಹತ್ತಿರ ಹೋಗು. ಅಹಂಕಾರವಾದರೆ ನಾನೇ ಬರುತ್ತೇನೆ.

ಈಗ ಖುಷಿಯ ಸುದ್ದಿ. ಇಪ್ಪತ್ತಾರನೇ ತಾರೀಕು ನಮ್ಮ ಸಂಘದ ಗಣರಾಜ್ಯೋತ್ಸವದ ಕಾರ್ಯಕ್ರಮ. ಅದರಲ್ಲಿ ನಿನಗೆ ಸನ್ಮಾನ! ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ಇದೆ. ‘ಪರ್ಲ್ಸ್ ತಂಡವನ್ನು ಗೆಲ್ಲಿಸಿದ ತುಳುನಾಡಿನ ಕುವರ’ ಅಂತ ಬ್ಯಾನರ್ ಮಾಡಿಸುತ್ತಾರಂತೆ. ನಿನ್ನ ಪರವಾಗಿ ನಾನೇ ಒಪ್ಪಿಕೊಂಡೆ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತ ಭಾವ ಗೊಣಗಿದರು, ವೀಸಾ ಇನ್ನೂ ಆಗಿಲ್ಲವಲ್ಲ ಅಂತ. ಆಗುತ್ತದೆ, ಗೆಲ್ಲಿಸಿಕೊಟ್ಟವನಿಗೆ ಆಗದೆ ಇನ್ಯಾರಿಗೆ?

ಬಿಳಿ ಶರ್ಟ್ ಇದೆಯಾ? ಇಲ್ಲದಿದ್ದರೆ ಭಾವನದ್ದು ಇಸ್ತ್ರಿ ಮಾಡಿ ಇಡುತ್ತೇನೆ.

ಅಕ್ಕ

*

ದುಬೈ
15 ಜನವರಿ 2025

ಅಕ್ಕ,

ಇದನ್ನು ಕೂತು ಓದು. ಒಲೆ ಆರಿಸಿ ಬಂದು ಓದು.

ನಾವು ಆವತ್ತು ಗೆಲ್ಲಲಿಲ್ಲ. ಅಪ್ಪಿ ಟ್ಯಾಬ್ ಕಿತ್ತುಕೊಂಡ ಮೇಲೆ ಏನಾಯಿತು ಅಂತ ನೀನು ನೋಡಲಿಲ್ಲ.

ಹೊರಟಲ್ಲಿಗೆ ವಾಪಸ್ ಬಂದರೆ ಒಂದು ರನ್ ಅಂತ ಬರೆದಿದ್ದೆನಲ್ಲ. ಅಲ್ಲಿ ನೆಲದಲ್ಲಿ ಒಂದು ಬಿಳಿ ರಬ್ಬರ್ ಹಲಗೆ ಹುಗಿದಿರುತ್ತದೆ. ಅದನ್ನು ಮೆಟ್ಟಬೇಕು, ಇಲ್ಲವೇ ಮುಟ್ಟಬೇಕು. ಪಕ್ಕದಿಂದ ದಾಟಿ ಹೋದರೆ ಲೆಕ್ಕಕ್ಕಿಲ್ಲ. ಇದು ನನಗೆ ಗೊತ್ತಿಲ್ಲವೇ? ಗೊತ್ತು. ನೂರು ಸಲ ಅಭ್ಯಾಸ ಮಾಡಿದ್ದೇನೆ. ಆದರೆ ಆವತ್ತು ಎದುರು ತಂಡದ ಆ ಆಸಾಮಿ ಅಡ್ಡ ನಿಂತ, ಚೆಂಡು ಬರುತ್ತಿತ್ತು, ಜನ ಕೂಗುತ್ತಿದ್ದರು, ನನ್ನ ತಲೆಯಿಂದ ಬೇಸ್‌ಬಾಲ್ ಪೂರಾ ಹೋಯಿತು. ರನ್ನೌಟ್ ತಪ್ಪಿಸಿಕೊಳ್ಳುವ ಹಾಗೆ ಓಡಿದೆ. ಅವನ ಬದಿಯಿಂದ ನುಗ್ಗಿ, ಬಲಗೈ ಚಾಚಿ, ಗೆರೆಯಾಚೆ ನೆಲಕ್ಕೆ ಉಜ್ಜಿದೆ. ಬ್ಯಾಟ್ ಊರುವ ಹಾಗೆ, ಅಕ್ಕ. ಕೈಯಲ್ಲಿ ಬ್ಯಾಟೇ ಇರಲಿಲ್ಲ! ಹಲಗೆ ನನ್ನಿಂದ ಒಂದು ಮೊಳ ದೂರ ಇತ್ತು. ಹತ್ತು ವರ್ಷ ಮಣ್ಣಿನಲ್ಲಿ ಆಡಿದ ಕ್ರಿಕೆಟ್ಟು ಆ ಒಂದು ಗಳಿಗೆಯಲ್ಲಿ ಮೈಮೇಲೆ ಬಂತು.

ನಮ್ಮವರು ನನ್ನ ಮೇಲೆ ಬಿದ್ದು ಕುಣಿಯುತ್ತಿದ್ದರು. ಆ ಆಸಾಮಿ ಮಾತ್ರ ಕುಣಿತ ನೋಡುತ್ತಾ ನಿಂತಿದ್ದವನು ಚೆಂಡು ಕೇಳಿ ಪಡೆದ, ಹಲಗೆ ಮೆಟ್ಟಿ ಅಂಪೈರನ ಮುಖ ನೋಡಿದ. ಅಂಪೈರ್ ಮುಷ್ಟಿ ಎತ್ತಿದ. ಔಟ್. ಆಟ ಮುಂದುವರಿಯಿತು, ಮುಂದಿನ ಸುತ್ತಿನಲ್ಲೇ ಸೋತೆವು. ಡಿಕ್ಸನ್ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಿನ್ನ ಹೋಳಿಗೆ ಬಂದ ದಿನ ವ್ಯಾನಿನ ಪಕ್ಕ ನಿಂತು ನಿನ್ನ ಕಾಗದ ಓದಿದೆ. ನಾನು ಅತ್ತದ್ದನ್ನು ಜುವಾಕಿಂ ಅಂಕಲ್ ನೋಡಿದರು. ನಿನಗೆ ಹೇಳಬೇಡಿ ಅಂತ ನಾನೇ ಕೈಮುಗಿದೆ. ಅವರ ಮೇಲೆ ಸಿಟ್ಟಾಗಬೇಡ.

ಇಷ್ಟೇ ಆಗಿದ್ದರೆ ನಾನೂ ಪ್ರಿಯನ್ ಹಾಗೆ ಜರ್ಸಿ ಮಡಚಿ ಇಟ್ಟು ಹೊರಡುತ್ತಿದ್ದೆ. ಆದರೆ ಆ ವೀಡಿಯೊ ಹಬ್ಬಿತು. ದೇರಾದ ಹೋಟೆಲುಗಳಲ್ಲಿ, ಬಸ್ಸಿನಲ್ಲಿ ಜನ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನನ್ನು ಕಂಡರೆ ಬಲಗೈಯನ್ನು ನೆಲಕ್ಕೆ ಉಜ್ಜಿ ತೋರಿಸುತ್ತಾರೆ. ಆಮೇಲಿನ ಪಂದ್ಯಗಳಿಗೆ ನಮ್ಮ ಕಡೆಯ ಜನ ಹಿಂಡು ಹಿಂಡಾಗಿ ಬಂದರು, ಆಟ ನೋಡಲಿಕ್ಕಲ್ಲ.

ಸೋಮವಾರ ಆಫೀಸಿಗೆ ಕರೆದರು. ಪ್ರಚಾರದ ಕೆಲಸ ನೋಡುವ ಶಮೀಮ ಮೇಡಂ ನಮ್ಮ ಮಂಗಳೂರಿನವರೇ. ಕ್ಲಬ್ಬು ನನ್ನನ್ನು ಉಳಿಸಿಕೊಳ್ಳುತ್ತದಂತೆ, ಎರಡು ವರ್ಷದ ವೀಸಾ. ಆದರೆ ಆಟಗಾರನಾಗಿ ಅಲ್ಲ. ದೊಡ್ಡ ಮುತ್ತಿನ ಚಿಪ್ಪಿನ ವೇಷ ಹಾಕಿಕೊಂಡು ಪಂದ್ಯಕ್ಕೆ ಮೊದಲು, ಮಾಲ್‌ಗಳಲ್ಲಿ, ಶಾಲೆಗಳಲ್ಲಿ ಓಡಬೇಕು. ಓಡಿ ಬಂದು ಹಲಗೆ ತಪ್ಪಿಸಿ ಕೈ ಉಜ್ಜಬೇಕು. ಪ್ರತಿ ಸಲ. ವೇಷದ ಬೆನ್ನ ಮೇಲೆ ನನ್ನದೇ ಹೆಸರು.

ನನ್ನ ಮುಖ ನೋಡಿ ಮೇಡಂ ಅಂದರು: “ಇದ್ರಲ್ಲಿ ಬೇಜಾರು ಮಾಡ್ಲಿಕ್ಕೆ ಎಂತ ಉಂಟು ಸುಮಿತ್? ಊರಲ್ಲಿ ನೀವು ಹುಲಿವೇಷ ಹಾಕುದಿಲ್ವಾ? ಹಾಗೆಯೇ ಇದು.” ಅವರು ಕೆಟ್ಟವರಲ್ಲ. ನನಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದಾರೆ.

ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನಾನು ಸಹಿ ಹಾಕುತ್ತೇನೆ ಅಕ್ಕ. ಬೇರೆ ದಾರಿ ಇಲ್ಲ. ರವೂಫ್ ಸಾಹೇಬರ ಹತ್ತಿರ ಯಾವ ಮುಖ ಹೊತ್ತು ಹೋಗಲಿ? ಈ ದೇಶದಲ್ಲಿ ನಿನ್ನ ತವರು ಅಂತ ಇರುವುದು ನಾನೊಬ್ಬ. ನಾನು ಊರಿಗೆ ಹೋದರೆ ನಿನಗೆ ಕಾಗದ ಬರೆಯುವವರು ಯಾರು? ಸನ್ಮಾನ ಮಾತ್ರ ಹೇಗಾದರೂ ನಿಲ್ಲಿಸು. ಜ್ವರ ಅಂತ ಹೇಳು.

ಸುಮಿತ್

*

ಖಾಲಿದಿಯಾ
22 ಜನವರಿ 2025

ಸುಮಿತ್,

ಮೊದಲು ಸಿಟ್ಟು ಬಂತು. ನಿನ್ನ ಮೇಲೆ, ಜುವಾಕಿಂ ಅಂಕಲ್ ಮೇಲೆ, ಆ ಹಾಳು ಟ್ಯಾಬಿನ ಮೇಲೆ. ಒಂದು ತಿಂಗಳು ನಾನು ಊರಿಡೀ ಡಂಗುರ ಸಾರಿದ್ದೇನೆ, ನೀನು ಸುಮ್ಮನಿದ್ದೆ. ಕಾಗದವನ್ನು ಮುದ್ದೆ ಮಾಡಿ ಎಸೆದೆ. ಆಮೇಲೆ ಎತ್ತಿ, ಇಸ್ತ್ರಿ ಪೆಟ್ಟಿಗೆಯಡಿ ಇಟ್ಟು ಸರಿಮಾಡಿ ಮತ್ತೆ ಓದಿದೆ.

ಜ್ವರ ಅಂತ ಹೇಳಲಿಲ್ಲ. ಭಾನುವಾರ ಭವ್ಯಶ್ರೀ ಮನೆಯಲ್ಲಿ ಕಾರ್ಯಕ್ರಮದ ತಯಾರಿಗೆ ಎಲ್ಲರೂ ಸೇರಿದ್ದರು. ನಾನು ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ತಮ್ಮ ಗೆಲ್ಲಿಸಲಿಲ್ಲ, ಹಲಗೆ ತಪ್ಪಿಸಿ ಓಡಿದ, ಬ್ಯಾಟ್ ಊರುವ ಹಾಗೆ ಕೈ ಊರಿದ, ನಾನು ಪೂರ್ತಿ ನೋಡದೆ ನಿಮಗೆಲ್ಲ ಹೇಳಿದ್ದು ನನ್ನ ತಪ್ಪು, ಸನ್ಮಾನ ಬೇಡ. ಹೇಳುತ್ತಿರುವಾಗಲೇ ಒಬ್ಬೊಬ್ಬರ ಬಾಯಿ ತೆರೆಯಿತು. ಅಧ್ಯಕ್ಷರ ಹೊಟ್ಟೆ ಕುಲುಕಿತು. ಯಾರೋ ಏನೋ ಅಂದರು, ಮತ್ತೆ ಎಲ್ಲರ ಭುಜ ಅಲ್ಲಾಡಿತು. ಅವರಿಗೆಲ್ಲ ಮೊದಲೇ ಗೊತ್ತಿತ್ತು, ಸುಮಿತ್. ಪಕ್ಕದವರು ತೆರೆದು ಹಿಡಿದ ಮೊಬೈಲಿನಲ್ಲಿ ಆ ವೀಡಿಯೊ ಕಂಡೆ, ಎಲ್ಲರ ಮೊಬೈಲಿನಲ್ಲೂ ಇತ್ತು. ಸನ್ಮಾನ ಯಾಕಿತ್ತು ಅಂತ ನನಗೆ ಆಗ ಹೊಳೆಯಿತು. ನಿನ್ನನ್ನು ವೇದಿಕೆಗೆ ಹತ್ತಿಸಿ ನಗಲಿಕ್ಕೆ. ಬ್ಯಾನರ್ ಮಾಡಿಸಿದ್ದು ಅದಕ್ಕೆ.

ಈಗ ನಿನಗೆ ಬರೆಯದೇ ಇದ್ದ ಒಂದು ವಿಷಯ ಹೇಳುತ್ತೇನೆ. ಕಿವಿ ಹೋದ ಮೇಲೆ ಇಂಥ ಕಡೆ ನಾನು ಏನು ಮಾಡುತ್ತೇನೆ ಗೊತ್ತಾ? ಎಲ್ಲರೂ ನಕ್ಕರೆ ನಾನೂ ನಗುತ್ತೇನೆ. ಯಾಕೆ ನಗುತ್ತಿದ್ದಾರೆ ಅಂತ ಗೊತ್ತಿರುವುದಿಲ್ಲ. ಎಷ್ಟೋ ಸಲ ನಾನು ಕೊಟ್ಟ ತಪ್ಪು ಉತ್ತರಕ್ಕೇ ನಗುತ್ತಿರುತ್ತಾರೆ. ನಗದಿದ್ದರೆ ‘ಪಾಪ’ ಅಂತಾರೆ, ಆ ಪಾಪಕ್ಕೆ ಹೆದರಿ ನಗುತ್ತೇನೆ. ಮನೆಗೆ ಬಂದ ಮೇಲೂ ಕೆನ್ನೆ ನೋಯುತ್ತಿರುತ್ತದೆ. ಇನ್ನೂ ಕೆಟ್ಟದ್ದು ಒಂದಿದೆ. ಈಗೀಗ ನಾನು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ ನಗಲು ತಯಾರಾಗಿರುತ್ತಾರೆ.

ಭಾನುವಾರ ನಗಲಿಲ್ಲ. ಚೀಲದಿಂದ ಪೆನ್ನು, ಕಾಗದ ತೆಗೆದು ಮೇಜಿನ ಮೇಲಿಟ್ಟೆ. “ನನಗೆ ಕೇಳುದಿಲ್ಲ. ಎಂತಕ್ಕೆ ನಗು ಅಂತ ಬರ್ದು ಕೊಡಿ, ನಾನೂ ಓದಿ ನಗ್ತೇನೆ” ಅಂದೆ. ಅಧ್ಯಕ್ಷರ ಎದುರಿಗೆ ದೂಡಿದೆ. ಮುಟ್ಟಲಿಲ್ಲ. ಭವ್ಯಶ್ರೀ ಎದುರಿಗೆ ದೂಡಿದೆ. ಅವಳು ಚಹಾ ತರುತ್ತೇನೆ ಅಂತ ಒಳಗೆ ಹೋದಳು. ಇಡೀ ಮೇಜು ಸುತ್ತಿ ಬಂದರೂ ಕಾಗದ ಖಾಲಿ. ಕೊನೆಗೆ ಜುವಾಕಿಂ ಅಂಕಲ್ ಕನ್ನಡಕ ಹಾಕಿಕೊಂಡು ಬರೆದರು: ‘ಅವನಷ್ಟು ಜೋರಾಗಿ ಓಡಿದವರನ್ನು ನಾನು ನೋಡಿಲ್ಲ. ನಾನು ಅಲ್ಲೇ ಇದ್ದೆ.’ ಅದನ್ನು ಇದರೊಂದಿಗೆ ಇಟ್ಟಿದ್ದೇನೆ, ಅವರ ಅಕ್ಷರ ಕೋಳಿ ಕೆದಕಿದ ಹಾಗಿದೆ.

ಆ ಶಮೀಮಳಿಗೆ ಹೇಳು, ಹುಲಿವೇಷ ಹಾಕಿದವನನ್ನು ನೋಡಿ ಊರು ನಗುವುದಿಲ್ಲ. ಮಕ್ಕಳು ಹೆದರಿ ಅಮ್ಮನ ಸೆರಗಿನ ಹಿಂದೆ ಅಡಗುತ್ತವೆ. ಹಾಕಿದವನು ಹರಕೆ ಹೊತ್ತು, ವ್ರತ ಹಿಡಿದು ಹಾಕುತ್ತಾನೆ. ಹೋಲಿಸುವ ಮೊದಲು ಯೋಚಿಸಬೇಕಿತ್ತು.

ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು, ಹೊಟ್ಟೆಪಾಡು ನನಗೂ ಗೊತ್ತು. ಆದರೆ ನನ್ನ ತವರು ಉಳಿಸಲಿಕ್ಕೆ ಅಂತ ಹಾಕಬೇಡ. ಕಾಗದ ಊರಿನಿಂದಲೂ ಬರುತ್ತದೆ, ಅಲ್ಲಿ ಅಂಚೆ ಕಚೇರಿ ಇನ್ನೂ ಇದೆ. ಎರಡು ವರ್ಷ ನಗಿಸಿ ಅಭ್ಯಾಸವಾದರೆ ಆಮೇಲೆ ನೀನು ಗಂಭೀರವಾಗಿ ಓಡಿದರೂ ಜನ ನಗುತ್ತಾರೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಅಕ್ಕ

*

ನೈಫ್, ದುಬೈ
19 ಫೆಬ್ರವರಿ 2025

ಅಕ್ಕನಿಗೆ ನಮಸ್ಕಾರಗಳು.

ಸೀಸನ್ ಮುಗಿಯಿತು. ಕೊನೆಯ ಪಂದ್ಯವನ್ನೂ ಸೋತೆವು, ಎಲ್ಲರಿಗಿಂತ ಕೆಳಗಿನ ಸ್ಥಾನ ನಮ್ಮದು. ಡಿಕ್ಸನ್ ನನ್ನನ್ನು ಇಳಿಸಲಿಲ್ಲ. ಆದರೆ ಹೊರಡುವ ದಿನ ಕೈ ಕುಲುಕಿ, ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ನಾನು ಸಹಿ ಹಾಕಲಿಲ್ಲ. ಶಮೀಮ ಮೇಡಂ ಮುಂದೆ ಕೂತು ಆಗುವುದಿಲ್ಲ ಅಂದೆ. ಪೆನ್ನನ್ನು ಅವರ ಕಡೆಗೇ ಸರಿಸಿಟ್ಟೆ. ಅವರು ಆಶ್ಚರ್ಯಪಟ್ಟರು, ಮತ್ತೊಂದು ವಾರ ಯೋಚಿಸು ಅಂದರು. ಬೇಡ ಅಂದೆ. ವೀಸಾ ಕ್ಯಾನ್ಸಲ್ ಆಯಿತು.

ಎರಡು ದಿನ ರವೂಫ್ ಸಾಹೇಬರ ಬೀದಿಯ ತುದಿಯ ತನಕ ಹೋಗಿ ವಾಪಸ್ ಬಂದೆ. ಮೂರನೆಯ ದಿನ ಅವರೇ ಹೊರಗೆ ಬಂದು, “ಅಲ್ಲಿ ನಿಂತು ಎಂತ ನೋಡುದು? ಒಳಗೆ ಬಾ ಮಾರಾಯ, ಕಂಟೈನರ್ ಬಂದು ಬಿದ್ದಿದೆ” ಅಂದರು. ವೀಡಿಯೊದ ಮಾತೇ ಎತ್ತಲಿಲ್ಲ. ಕೆಲಸದ ವೀಸಾಕ್ಕೆ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಅರ್ಜಿ ತುಂಬಿಸಿ ಕಳಿಸಿದ ಟೈಪಿಂಗ್ ಸೆಂಟರಿನವನು ದಿನಾ ‘ನಾಳೆ’ ಅನ್ನುತ್ತಾನೆ. ಮೊಬೈಲಿನಲ್ಲಿ ಮೆಸೇಜ್ ಬಂದಾಗಲೆಲ್ಲ ಕೈಯಲ್ಲಿದ್ದ ಬಟ್ಟೆ ಬಿಟ್ಟು ನೋಡುತ್ತೇನೆ. ಅಷ್ಟರ ಮಟ್ಟಿಗೆ ಹೆದರಿಕೆ ಹಾಗೇ ಇದೆ, ನಿನಗೆ ಸುಳ್ಳು ಬರೆಯುವುದಿಲ್ಲ.

ಇನ್ನೊಂದು ವಿಷಯ. ಮೊನ್ನೆ ಪ್ರಿಯನ್ ಅಂಗಡಿಗೆ ಬಂದ. ನಾನು ಬೇಡ ಅಂದ ಕೆಲಸಕ್ಕೆ ಕ್ಲಬ್ಬಿನವರು ಅವನನ್ನು ಕೊಲಂಬೊದಿಂದ ಕರೆಸಿಕೊಂಡಿದ್ದಾರೆ. ಚಿಪ್ಪಿನೊಳಗೆ ಯಾರಿದ್ದರೇನು, ಬೆನ್ನ ಮೇಲಿನ ಹೆಸರು ಮಾತ್ರ ತೆಗೆದಿದ್ದಾರಂತೆ. ಹೆಣ್ಣುಮಗು ಹುಟ್ಟಿದೆ, ಫೋಟೋ ತೋರಿಸಿದ. ಎರಡು ವರ್ಷದ ವೀಸಾ ಸಿಕ್ಕಿತಲ್ಲ ಅಂತ ಅವನಿಗೆ ಖುಷಿ. ನನಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು. ಯಾವುದು ಹೆಚ್ಚು ಅಂತ ಹೇಳಲಾರೆ.

ಬಗಲಲ್ಲಿ ಒಂದು ರಬ್ಬರ್ ಹಲಗೆ ತಂದಿದ್ದ. “ಮಚಾನ್, ನನಗೆ ಸರಿಯಾಗಿ ಬರುತ್ತಿಲ್ಲ. ನೀನು ಹೇಗೆ ತಪ್ಪಿಸಿದೆ ಅಂತ ಒಂದು ಸಲ ಓಡಿ ತೋರಿಸು” ಅಂದ. ಸಾಹೇಬರನ್ನು ಕೇಳಿ ಅಂಗಡಿಯ ಹಿಂದಿನ ಪಾರ್ಕಿಂಗಿಗೆ ಹೋದೆವು. ಹಲಗೆ ನೆಲದಲ್ಲಿಟ್ಟ. ಅವನಿಗೊಬ್ಬನಿಗಾಗಿ ತಾನೇ, ಯಾರೂ ನೋಡುತ್ತಿಲ್ಲವಲ್ಲ ಅಂತ ನಾನು ಚಪ್ಪಲಿ ಬಿಚ್ಚಿಟ್ಟು ಓಡಿದೆ. ಕಾಲು ಹೋಗಿ ಹಲಗೆಯ ಮೇಲೇ ಬಿತ್ತು. ಇನ್ನೊಮ್ಮೆ ಓಡಿದೆ. ಮತ್ತೆ ಹಲಗೆಯ ಮೇಲೆ. ಅವನು ಹಲಗೆಯನ್ನು ಒಂದು ಮೊಳ ಆಚೆ ಸರಿಸಿಟ್ಟ. ಕೈ ಚಾಚಬೇಕು, ಪಕ್ಕದಿಂದ ಹೋಗಬೇಕು ಅಂತ ಬಾಯಲ್ಲಿ ಹೇಳಿಕೊಂಡೇ ಓಡಿದೆ. ಅಲ್ಲಿಯೂ ಮೆಟ್ಟಿದೆ.

ಉಸಿರು ಬಿಡುತ್ತಾ ನಿಂತೆ, ನನಗೆ ನಗು ಬಂತು. ಎಷ್ಟು ಪ್ರಯತ್ನ ಪಟ್ಟರೂ ತಪ್ಪಿಸಲಿಕ್ಕೆ ಬರಲೇ ಇಲ್ಲ, ಅಕ್ಕ. ಪ್ರಿಯನ್ ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದ. ಆಮೇಲೆ ಹಲಗೆಯ ಧೂಳು ಒರೆಸಿ ಬಗಲಲ್ಲಿಟ್ಟುಕೊಂಡು, “ಬಿಡು, ನಾನೇ ಕಲಿತುಕೊಳ್ಳುತ್ತೇನೆ” ಅಂತ ಹೊರಟ.

ಸುಮಿತ್